ಬಸ್ ಆಂಟಿಯ ಮುಂದೆ ಓಡಿಸಿದ ಸಿನಿಮಾ

ಹೋದ ತಿಂಗಳು ಅಮೆರಿಕದ ದಕ್ಷಿಣದ ಕಡೆ, ಕಮ್ಮಿಂಗ್‌ನಲ್ಲಿ ಸ್ನೇಹಿತರ ಗೃಹಪ್ರವೇಶ ಮುಗಿಸಿಕೊಂಡು ಫೇರ್‌ಫ್ಯಾಕ್ಸಿನ ನಮ್ಮ ಮನೆಗೆ ವಾಪಸು ಬರುತ್ತಿದ್ದೆವು. ಸೌತ್ ಕ್ಯಾರೊಲಿನಾದಲ್ಲಿ ಕಾರಿಗೆ ಗ್ಯಾಸ್, ಅಂದರೆ ಪೆಟ್ರೋಲ್, ಹಾಕಿಕೊಳ್ಳಲು ನಿಲ್ಲಿಸಿದಾಗ ಅಂಗಡಿಯೊಳಗಿಂದ ಉಪ್ಪುನೀರಿನಲ್ಲಿ ಬೇಯುತ್ತಿದ್ದ ಕಡಲೆಕಾಯಿಯ ವಾಸನೆ ಬಂತು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಆ ವಾಸನೆಗೆ ಊರು ನೆನಪಾಗಬೇಕಿತ್ತು. ನನಗೆ ನೆನಪಾದದ್ದು ಬಸ್ ಆಂಟಿ.

ಅವರು ಆಗ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿದ್ದರು. ಆಫ್ರಿಕನ್ ಅಮೆರಿಕನ್ ಹೆಂಗಸು, ಸೌತ್ ಕ್ಯಾರೊಲಿನಾದ ಒಂದು ಹಳ್ಳಿಯ ಕಡೆಯವರು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆಗಿದ್ದರು. ನಾನು ಆಫೀಸಿನಿಂದ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಮನೆ ಸೇರುವವರೆಗೆ ಮಗಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಅವರ ಅಡುಗೆಮನೆಯ ಟೇಬಲ್ಲಿನಲ್ಲಿ ಅವಳು ಹೋಮ್‌ವರ್ಕ್ ಮಾಡುತ್ತಾ ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಳು. ಸಿಪ್ಪೆಸಮೇತ, ಥೇಟ್ ನಮ್ಮ ಹಾಗೆಯೇ ಬೇಯಿಸುವುದನ್ನು ಮೊದಲ ದಿನ ನೋಡಿ ನನಗೆ ಕಳೆದುಹೋದ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು... ಮಗಳು ಐದನೇ ಕ್ಲಾಸು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಾಲ್ಕೈದು ಕನ್ನಡದ ಮನೆಯವರು ನಮ್ಮ ಬೇಸ್‌ಮೆಂಟಿನಲ್ಲಿ ಸೇರಿ ಸಿನಿಮಾ ನೋಡುತ್ತಿದ್ದೆವು. ರಿಮೋಟು ಯಾವಾಗಲೂ ನನ್ನ ಕೈಯಲ್ಲಿ. ಮಕ್ಕಳು ನೋಡಬಾರದ್ದು ಬಂತೆಂದರೆ ನನ್ನ ಹೆಬ್ಬೆರಳು ತಾನಾಗಿ ಫಾರ್ವರ್ಡ್ ಒತ್ತುತ್ತಿತ್ತು. ನಾಯಕ ನಾಯಕಿಯ ಕಡೆ ಬಗ್ಗಿದರೆ ಸಾಕು, ಮರುಕ್ಷಣ ಇಬ್ಬರೂ ತಿಂಡಿ ತಿನ್ನುತ್ತಿರುತ್ತಿದ್ದರು. ಮಕ್ಕಳಿಗೆ ಅದೇ ದೊಡ್ಡ ತಮಾಷೆ. ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ತಿಂಗಳು ಮಕ್ಕಳಿಗೆ ಸ್ಕೂಲಿನಲ್ಲಿ ಗುಲಾಮಗಿರಿಯ ಪಾಠ ನಡೆಯುತ್ತಿತ್ತು. ಅದೇ ವಿಷಯದ, ತುಂಬಾ ಹೆಸರು ಮಾಡಿದ ಸಿನಿಮಾವೊಂದರ ಡಿವಿಡಿಯನ್ನು ಲೈಬ್ರರಿಯಿಂದ ತಂದೆ. ಬಸ್ ಆಂಟಿಯನ್ನೂ ಕರೆದೆ. ಅವರ ಜನರ ಕಥೆಯನ್ನು ಅವರನ್ನು ಕೂರಿಸಿಕೊಂಡು ನೋಡುವುದೇ ದೊಡ್ಡ ಮರ್ಯಾದೆ ಎಂದುಕೊಂಡಿದ್ದ ನನ್ನ ಬುದ್ಧಿಗೆ ಏನೆನ್ನಲಿ. ಅವರು ಚರ್ಚಿಗೆ ಹೋಗುವ ನೀಲಿ ಡ್ರೆಸ್ ಹಾಕಿಕೊಂಡು ಬಂದರು. ಎಲ್ಲರೂ ಎದ್ದು ಸೋಫಾದಲ್ಲಿ ಜಾಗ ಮಾಡಿಕೊಟ್ಟೆವು.

ಸಿನಿಮಾ ಶುರುವಾಗಿ ಅರ್ಧ ಗಂಟೆಯಾಗಿತ್ತು. ಚಾವಟಿ ಏಟು ಬಿದ್ದಾಗಲೇ ಕೋಡುಬಳೆ ಮುರಿಯುವ ಸದ್ದು ನಿಂತಿತ್ತು. ಮೈಸೂರಿನ ಅಂಕಲ್ ಒಬ್ಬರು ಕನ್ನಡಕ ತೆಗೆದು ಒರೆಸುತ್ತಲೇ ಕೂತರು, ಮತ್ತೆ ಹಾಕಿಕೊಳ್ಳಲಿಲ್ಲ. ನಾವೆಲ್ಲ ಓದಿಕೊಂಡವರು, ಇದೆಲ್ಲ ಗೊತ್ತು ಎಂದುಕೊಂಡಿದ್ದೆವು. ಏನೂ ಗೊತ್ತಿರಲಿಲ್ಲ. ಆಮೇಲೆ ಹರಾಜಿನ ದೃಶ್ಯ ಬಂತು. ತಾಯಿಯ ಸೊಂಟ ಹಿಡಿದುಕೊಂಡಿದ್ದ ಪುಟ್ಟ ಹುಡುಗಿಯನ್ನು ಎಳೆದರು.

“ಅಯ್ಯೋ, ಮಕ್ಕಳಿದಾರೆ ಕಣೇ,” ಎಂದಳು ಮಂಗಳೂರಿನ ಗೆಳತಿ. ನನ್ನ ಬೆರಳು ಒತ್ತಿತು.

ಸದ್ದು ಹೋಯಿತು. ತೆರೆಯ ಮೇಲೆ ಆ ತಾಯಿ ಗಾಡಿಯ ಹಿಂದೆ ಓಡತೊಡಗಿದಳು, ನಾಲ್ಕು ಪಟ್ಟು ವೇಗದಲ್ಲಿ. ಕೈ ಪಟಪಟನೆ ಆಡಿತು, ಬಿದ್ದಳು, ಪುಟಕ್ಕನೆ ಎದ್ದಳು, ಮತ್ತೆ ಬಿದ್ದಳು.

ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತಿದ್ದ ಮಕ್ಕಳು ನಕ್ಕರು. ಜೋರಾಗಿ ನಕ್ಕರು. ನನ್ನ ಮಗಳೂ ನಕ್ಕಳು.

ಬಸ್ ಆಂಟಿ ತೆರೆ ನೋಡುತ್ತಿರಲಿಲ್ಲ, ನನ್ನ ಮಗಳ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ಇಂಗ್ಲಿಷಿನಲ್ಲಿ, ದನಿ ಏರಿಸದೆ, “ಹಿಂದಕ್ಕೆ ಹೋಗು. ಸರಿಯಾಗಿ ತೋರಿಸು,” ಎಂದರು.

“ಮಕ್ಕಳು ಇನ್ನೂ ಚಿಕ್ಕವರು,” ಎಂದೆ.

“ಆ ಹುಡುಗಿ ಇವರಿಗಿಂತ ಚಿಕ್ಕವಳು,” ಎಂದರು.

ಅವರು ಕೇಳಿದ್ದು ಅಷ್ಟೇ. ಒಂದು ಗುಂಡಿ ಒತ್ತುವ ಕೆಲಸ. ನಾನು ಮಾತ್ರ ಟಿವಿ ಆಫ್ ಮಾಡಿ, “ಬನ್ನಿ, ಊಟ ಮಾಡೋಣ,” ಎಂದುಬಿಟ್ಟೆ. ಯಾವ ಇಕ್ಕಟ್ಟಿಗೂ ನಮಗೆ ಗೊತ್ತಿರುವ ಮದ್ದು ಅದೊಂದೇ. ಆಂಟಿ ಎದ್ದರು, ಕರೆದದ್ದಕ್ಕೆ ಥ್ಯಾಂಕ್ಸ್ ಹೇಳಿದರು, ರೇಲಿಂಗ್ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. “ಪಾಪ, ತುಂಬಾ ಸೆನ್ಸಿಟಿವ್,” ಎಂದರು ಯಾರೋ. ಬಿಸಿಬೇಳೆಬಾತ್ ಚೆನ್ನಾಗಿದೆ ಎಂದರು ಇನ್ಯಾರೋ. ಅದನ್ನೂ ಕೇಳಿಸಿಕೊಂಡು ಬಡಿಸಿದೆ.

ಸೋಮವಾರ ಬೆಳಗ್ಗೆ ನನಗಿದ್ದದ್ದು ಒಂದೇ ಭಯ, ಇನ್ನು ಮಗಳನ್ನು ನೋಡಿಕೊಳ್ಳಲು ಒಪ್ಪುತ್ತಾರೋ ಇಲ್ಲವೋ. ನೋಡಿ ನನ್ನ ಸ್ವಾರ್ಥ. ಆದರೆ ಸಂಜೆ ಬಸ್ ಸ್ಟಾಪಿನಲ್ಲಿ ಅವರು ಮಗಳಿಗಾಗಿ ಎಂದಿನಂತೆ ನಿಂತಿದ್ದರಂತೆ. ಸದ್ಯ, ಮರೆತರು ಎಂದುಕೊಂಡೆ. ಎದುರು ಸಿಕ್ಕಾಗ ಹವಾಮಾನದ ಮಾತಾಡಿದೆ.

ಮೂರು ವಾರವಾಗಿತ್ತೇನೋ. ಊಟಕ್ಕೆ ಕೂತಾಗ ಮಗಳು ತನ್ನ ಮುರುಕು ಕನ್ನಡದಲ್ಲಿ, “ಅಮ್ಮ, ಆ ಮೂವಿ ಪಾರ್ಟ್ ಏನು ಅಂತ ಆಂಟಿ ಹೇಳಿದ್ರು. ನಾನೇ ಆಸ್ಕ್ ಮಾಡಿದೆ,” ಎಂದಳು. ಆಂಟಿಯ ಅಜ್ಜಿಯ ತಾಯಿಯನ್ನು ಏಳು ವರ್ಷದವಳಿದ್ದಾಗ ಹಾಗೆಯೇ ಮಾರಿದ್ದರಂತೆ. ಅವಳು ತನ್ನ ತಾಯಿಯನ್ನು ಮತ್ತೆ ನೋಡಲೇ ಇಲ್ಲವಂತೆ. ತಾಯಿ ಗಾಡಿಯ ಹಿಂದೆ ಎಲ್ಲಿಯವರೆಗೆ ಓಡಿಬಂದಳು ಎಂಬುದೊಂದನ್ನು ಮಾತ್ರ ಆ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರಂತೆ... ಒಂದು ಹಳ್ಳದವರೆಗೆ.

ಅವಳ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ.

“ನಾನು ಲಾಫ್ ಮಾಡಿದ್ದಕ್ಕೆ ಸಾರಿ ಹೇಳಿದೆ. ನೀನು ಹೇಳಿದ್ಯಾ?”

“ಹೇಳ್ತೀನಿ,” ಎಂದೆ.

ಅವರ ಮನೆಯ ಬಾಗಿಲು ನಮ್ಮ ಬಾಗಿಲಿನಿಂದ ಹತ್ತು ಹೆಜ್ಜೆ. ಈ ವಾರ ಆಡಿಟ್, ಬರುವ ವಾರ ಅತ್ತೆ ಬರುತ್ತಾರೆ, ಆಮೇಲೆ ಈಗ ಎತ್ತಿದರೆ ಅವರಿಗೇ ಬೇಜಾರೇನೋ... ನೆಪಗಳಿಗೇನು ಬರವೇ? ಎರಡು ವರ್ಷದ ಮೇಲೆ ಮಂಡಿನೋವು ಹೆಚ್ಚಾಗಿ ಅವರು ಊರಿಗೆ, ತಂಗಿಯ ಮನೆಗೆ ಹೊರಟರು. ಟ್ರಕ್ಕಿಗೆ ಸಾಮಾನು ಹತ್ತುವಾಗ ನನ್ನನ್ನು ತಬ್ಬಿಕೊಂಡರು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದೆ, ಅಷ್ಟೇ. ಕೆಲವು ವರ್ಷ ಮಗಳ ಹೆಸರಿಗೆ ಕ್ರಿಸ್‌ಮಸ್ ಕಾರ್ಡು ಬಂತು. ಆಮೇಲೊಂದು ಸಲ ತಂಗಿಯಿಂದ ಎರಡು ಸಾಲಿನ ಪತ್ರ ಬಂತು, ಅಕ್ಕ ತೀರಿಕೊಂಡಳೆಂದು.

ಹೋದ ತಿಂಗಳು ಕಮ್ಮಿಂಗ್‌ನಿಂದ ಬರುವಾಗ ಕಾರು ಓಡಿಸುತ್ತಿದ್ದದ್ದು ಮಗಳು. ಗ್ಯಾಸ್ ಸ್ಟೇಷನ್ ಬಿಟ್ಟ ಮೇಲೆ, “ನಾನು ಆಂಟಿಗೆ ಸಾರಿ ಹೇಳಲೇ ಇಲ್ಲ ಕಣೇ,” ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟಿದ್ದೆ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಗೊತ್ತು ಅಮ್ಮ. ಆಂಟಿ ಪ್ರತಿ ಕಾರ್ಡಲ್ಲೂ ನನ್ನನ್ನ ಕೇಳ್ತಿದ್ರು, ನಿಮ್ಮಮ್ಮ ಆ ಪಾರ್ಟ್ ನೋಡಿದ್ಲಾ ಅಂತ.”

ನಾನು ಇನ್ನೂ ನೋಡಿಲ್ಲ.