ಮೊಣಕಾಲಿನ ಮರ್ಯಾದೆ

ನನ್ನ ಬಲ ಮೊಣಕಾಲನ್ನು ನಾನು ಸರಿಯಾಗಿ ನೋಡಿದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಬೈಲಹೊಂಗಲದ ಒಂದು ಆಸ್ಪತ್ರೆಯಲ್ಲಿ, ಅದೂ ಪರಪುರುಷನೊಬ್ಬನ ಸಮ್ಮುಖದಲ್ಲಿ. ಗಾಬರಿಯಾಗಬೇಡಿ. ಆತ ಕಸರತ್ತಿನ ಡಾಕ್ಟರು. ಮುರಿದು ಕೂಡಿದ ಕೈಕಾಲುಗಳಿಗೆ ಮತ್ತೆ ಬಾಗುವುದನ್ನು ಕಲಿಸಲು ಬೆಳಗಾವಿಯಿಂದ ವಾರಕ್ಕೆರಡು ದಿನ ಬರುತ್ತಿದ್ದ ತರುಣ. ಅವನ ಉದ್ದನೆಯ ಇಂಗ್ಲಿಷ್ ಪದವಿ ನಮ್ಮೂರಿನ ನಾಲಿಗೆಗೆ ಒಗ್ಗದ್ದರಿಂದ ಊರವರೇ ಈ ಹೆಸರು ಇಟ್ಟಿದ್ದರು.

ಮೊಣಕಾಲಿಗೆ ನಮ್ಮಲ್ಲಿ ಮೊದಲಿನಿಂದಲೂ ಮರ್ಯಾದೆ ಕಡಿಮೆ. ಪಾದಕ್ಕೆ ಪೂಜೆಯುಂಟು, ಬೆರಳಿಗೆ ಕಾಲುಂಗುರವುಂಟು. ತೊಡೆಯನ್ನು ಬಾಳೆಯ ದಿಂಡಿಗೆ ಹೋಲಿಸಿ ದಣಿದ ಕವಿಗಳು ಅಲ್ಲಿಂದ ನೇರ ಪಾದಪದ್ಮಕ್ಕೆ ಜಿಗಿಯುತ್ತಾರೆ. ನಡುವಿನ ಈ ಗಂಟು ಯಾರ ಕಣ್ಣಿಗೂ ಬಿದ್ದಂತಿಲ್ಲ. ನಾನೂ ಅವರ ಸಾಲಿನವಳೇ. ಮದುವೆಯಾಗಿ ಒಂಬತ್ತು ವರ್ಷವಾದರೂ ನನ್ನ ಮೊಣಕಾಲನ್ನು ನಾನು ವಿಚಾರಿಸಿದವಳಲ್ಲ. ಅದು ಸೇಡು ತೀರಿಸಿಕೊಂಡಿತು.

ನಾನು ಸಂಪಗಾಂವದ ಸಾಲೆಯಲ್ಲಿ ಒಂದನೆಯ ಇಯತ್ತೆಯ, ಅಂದರೆ ಒಂದನೆಯ ತರಗತಿಯ, ಮಕ್ಕಳಿಗೆ ಕಲಿಸುವ ಅಕ್ಕೋರು. ದಿನಾ ಬೈಲಹೊಂಗಲದಿಂದ ಬಸ್ಸು. ಅದು ಎಪ್ಪತ್ತರ ದಶಕ, ನೈಲಾನ್ ಸೀರೆಯ ಹುಚ್ಚು ಊರಿಗೆಲ್ಲ ಹಿಡಿದಿದ್ದ ಕಾಲ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಆ ಜಾರುಬುರುಕ ಸೀರೆಯ ನಿರಿಗೆಯನ್ನು ನಾನೇ ತುಳಿದೆ. ಮೊದಲು ಸೀರೆ ಇಳಿಯಿತು, ಅದರ ಹಿಂದೆ ನಾನು ಇಳಿದೆ. ಮುರಿದ ಕಾಲಿನ ಪ್ಲಾಸ್ಟರು ಬಿಚ್ಚಿದಾಗ ಮೂಳೆ ಕೂಡಿತ್ತು, ಮೊಣಕಾಲು ಮಾತ್ರ ಲಂಬಕೋನಕ್ಕೂ ಬಗ್ಗದೆ ಹಟ ಹಿಡಿದು ನಿಂತಿತ್ತು.

ಹೆಡ್‌ಮಾಸ್ತರರು ಮನೆಗೇ ಬಂದು ಸಮಾಧಾನ ಹೇಳಿದರು. “ಚಿಂತಿ ಬಿಡ್ರಿ ಅಕ್ಕೋರ. ನಿಮಗ ನಾಲ್ಕನೇ ಇಯತ್ತೆ ಕೊಡ್ತೇನಿ. ಆರಾಮ ಕುರ್ಚಿ ಮ್ಯಾಲೆ ಕುಂತು ಕಲಸ್ರಿ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ನನಗೆ ನಾಲ್ಕನೆಯ ಇಯತ್ತೆ ಬೇಡವಾಗಿತ್ತು. ಒಂದನೆಯ ಇಯತ್ತೆಯನ್ನು ಕುರ್ಚಿಯ ಮೇಲೆ ಕುಳಿತು ಕಲಿಸಲಿಕ್ಕಾಗುವುದಿಲ್ಲ. ನೆಲದ ಮೇಲೆ ಉಸುಕು ಹರಡಿ, ಮಗುವಿನ ಪಕ್ಕದಲ್ಲಿ ಕುಳಿತು, ಅದರ ಪುಟ್ಟ ಬೆರಳನ್ನು ನಮ್ಮ ಬೆರಳಲ್ಲಿ ಹಿಡಿದು ‘ಅ’ ತಿದ್ದಿಸಬೇಕು. ಆ ಬೆರಳು ಒಂದು ದಿನ ನಮ್ಮ ಕೈ ಬಿಡಿಸಿಕೊಂಡು ತಾನೇ ಬರೆಯುತ್ತದಲ್ಲ, ಆ ಸುಖಕ್ಕಾಗಿಯೇ ನಾನು ಮಾಸ್ತರಿಕೆ ಮಾಡುತ್ತಿದ್ದೆ.

ಕಸರತ್ತಿಗೆ ಹೋದ ಮೊದಲ ದಿನ ನಾನು ಉಟ್ಟದ್ದು ಲಗ್ನದ ಮನೆಗೆ ಉಡುವಂಥ ಸೀರೆ. ಡಾಕ್ಟರ ಮುಂದೆ ಹೋಗುವುದಲ್ಲವೇ? ಒಳಗೆ ಎರಡು ಲಂಗ, ಹೊರಗೆ ಏಳು ಪಿನ್ನು. ಅಲ್ಲಿ ನೋಡಿದರೆ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದೇ ಪರದೆ, ಅದೂ ಮೇಲಿಂದ ಹೊರಟು ನೆಲ ಮುಟ್ಟುವ ಮೊದಲೇ ಬೇಸತ್ತು ನಿಂತದ್ದು. ಡಾಕ್ಟರು ನಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕದ ಅಣ್ಣನಂಥ ಒಂದು ಸಾಮಾನು ಹಿಡಿದು ನಿಂತ.

“ಸೀರಿ ಸ್ವಲ್ಪ ಮ್ಯಾಲೆ ಮಾಡ್ರಿ ಅಕ್ಕೋರ, ಮೊಣಕಾಲು ಕಾಣಬೇಕ್ರಿ.”

ನಾನು ಒಂದು ಬೆರಳಷ್ಟು ಎತ್ತಿದೆ. ಆತ ಕಾದ. ಇನ್ನೊಂದು ಬೆರಳು. ಹೀಗೆ ಬೆರಳಿನ ಲೆಕ್ಕದಲ್ಲಿ ಮೊಣಕಾಲು ಮುಟ್ಟುವಷ್ಟರಲ್ಲಿ ಆತನ ಹಣೆಯ ಮೇಲೂ ಬೆವರು, ನನ್ನ ಹಣೆಯ ಮೇಲೂ ಬೆವರು. ಆಮೇಲೆ ಚಕ್ರವಿಲ್ಲದ, ನೆಲಕ್ಕೆ ಬಿಗಿದ ಸೈಕಲ್ಲು ಹತ್ತಿಸಿದರು. ಅರ್ಧ ಸುತ್ತು ತುಳಿದದ್ದೇ ತಡ, ನಿರಿಗೆ ಪೆಡಲಿಗೆ ಸಿಕ್ಕಿ ಪರ್ ಎಂದಿತು. ಆಸ್ಪತ್ರೆಯ ಪಟ್ಟೆಪಟ್ಟೆ ಪಾಯಿಜಾಮ ಕೊಡುತ್ತೇನೆಂದರು. ಜೀವ ಹೋದರೂ ಹಾಕುವುದಿಲ್ಲವೆಂದೆ. ಮುಂದಿನ ಎರಡು ಸರತಿಯೂ ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಮಾನ ಹಿಡಿದೇ ಕಸರತ್ತು. ಕಡೆಗೆ ಆತ ಮೆಲ್ಲಗೆ ಹೇಳಿದ, “ಇನ್ನ ಮೂರು ವಾರದಾಗ ಬಗ್ಗಲಿಲ್ಲಂದ್ರ ಜಲ್ಮಪೂರ್ತಿ ಇಷ್ಟ ನೋಡ್ರಿ. ಕಾಲಿನ ತಪ್ಪಲ್ಲರಿ ಇದು, ಸೀರಿ ತಪ್ಪು.”

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಅಳತೊಡಗಿದೆ. ಒಲೆಯ ಮುಂದೆ ನಮ್ಮ ಅತ್ತೆಯವರು ಕುಳಿತಿದ್ದರು. ಅವರನ್ನು ನಾನೂ ಅವ್ವಾ ಎಂದೇ ಕರೆಯುತ್ತಿದ್ದೆ. ಅವ್ವ ಒಂಬತ್ತು ಗಜದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುವವರು. ನಾನು ಸೊಸೆಯಾಗಿ ಬಂದಾಗ ನನಗೂ ಒಂದು ಅಂಥದೇ ಸೀರೆ ತೆಗೆದಿಟ್ಟಿದ್ದರು. ಟ್ರೇನಿಂಗ್ ಮುಗಿಸಿ ಬಂದ ನಾನು ಮೂಗು ಮುರಿದು, “ಇದನ್ನ ಮುದುಕೇರು ಉಡತಾರ” ಎಂದುಬಿಟ್ಟಿದ್ದೆ. ಅವ್ವ ಅದನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದರು. ಅದರ ಬಗ್ಗೆ ಒಂಬತ್ತು ವರ್ಷ ಬಾಯಿ ಬಿಡದ ಅತ್ತೆಯ ಮುಂದೆ ಸೊಸೆಗೆ ತಲೆ ಎತ್ತುವುದು ಕಷ್ಟ.

ಈಗ ಎದ್ದು ಹೋಗಿ ಟ್ರಂಕಿನ ತಳದಿಂದ ಅದೇ ಸೀರೆ ತಂದರು.

“ಅಳೂದು ಸಾಕು, ಏಳು. ಕಿತ್ತೂರ ರಾಣಿ ಕುದುರಿ ಹತ್ತಿದ್ದು ಹ್ಯಾಂಗ ಅಂತ ತಿಳದೀ? ನಿನ್ನ ನೈಲಾನ್ ಉಟಗೊಂಡು ಹತ್ತಿದ್ರ ಕುದುರಿನೂ ನಗತಿತ್ತು.”

ನನಗೆ ನಗುವೂ ಬಂತು, ನಾಚಿಕೆಯೂ ಬಂತು. “ಅವ್ವಾ, ಅವತ್ತ ನಾ ಹಂಗ ಅನಬಾರದಿತ್ತು” ಎಂದೆ. “ಸೊಂಟ ಸೆಟದು ನಿಂದರು, ಕಚ್ಚಿ ಸಡಲಾಗ್ತದ” ಎಂದರು ಅವ್ವ, ನನಗೆ ಸೀರೆ ಉಡಿಸುತ್ತ. ಕ್ಷಮೆ ಎನ್ನುವುದು ನಮ್ಮ ಮನೆಯಲ್ಲಿ ಹೀಗೇ ಸಿಗುತ್ತದೆ.

ಕಚ್ಚೆಯ ಜಾಣತನ ಉಟ್ಟವರಿಗೇ ಗೊತ್ತು. ನಿರಿಗೆಯನ್ನು ಕಾಲ ನಡುವೆ ತಂದು ಹಿಂದೆ ಸಿಕ್ಕಿಸಿದರೆ ಎರಡು ಕಾಲಿಗೂ ಬೇರೆಬೇರೆ ಸಂಸಾರ. ಮೊಣಕಾಲ ಮೇಲೆ ಸರಿಸಿ ಬಿಗಿದರೆ ಅಲ್ಲೇ ನಿಲ್ಲುತ್ತದೆ, ತೊಡೆ ಕಾಣುವುದಿಲ್ಲ, ಕೈ ಎರಡೂ ಖಾಲಿ. ಸಿರಸಂಗಿಯ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಇದನ್ನು ಯಾವ ಟ್ರೇನಿಂಗಿನಲ್ಲೂ ಕಲಿಸಿಲ್ಲ. ಶುಕ್ರವಾರ ನಾನು ಹಾಗೇ ಆಸ್ಪತ್ರೆಗೆ ನಡೆದೆ. ಬಾಗಿಲಲ್ಲಿ ಒಂದು ಗಳಿಗೆ ಕಾಲು ತಡೆಯಿತು. ಆಮೇಲೆ ಸೈಕಲ್ಲು ಹತ್ತಿದೆ ನೋಡಿ, ಪರದೆಯ ಆಚೆಯ ಗಂಡಸರೆಲ್ಲ ಸದ್ದು ಕೇಳಿ ತಮ್ಮ ಕಸರತ್ತು ನಿಲ್ಲಿಸಿದರು! ಡಾಕ್ಟರು ಕೋನಮಾಪಕ ಹಿಡಿದು, ತಿರುಗಿಸಿ, ಇನ್ನೊಮ್ಮೆ ಹಿಡಿದು, “ಶಾಬಾಸ್ ಅಕ್ಕೋರ!” ಎಂದು ಕೂಗಿದ. ಮೊಣಕಾಲು ಲಂಬಕೋನ ದಾಟಿತ್ತು. ಮುಂದಿನ ವಾರದಿಂದ ಆತ ಹೊಸ ಹೆಣ್ಣುಮಕ್ಕಳಿಗೆ ಪಾಯಿಜಾಮದ ಮಾತೇ ತೆಗೆಯಲಿಲ್ಲ. “ಮನ್ಯಾಗ ಅಜ್ಜಿ ಅದಾರೇನ್ರಿ? ಅವರಂಗ ಉಟ್ಟು ಬರ್ರಿ” ಎನ್ನುತ್ತಿದ್ದ.

ಮೂರು ವಾರ ತುಂಬುವ ಮೊದಲೇ ನಾನು ಸಂಪಗಾಂವದ ನೆಲದ ಮೇಲೆ, ನನ್ನ ಉಸುಕಿನ ಮುಂದೆ, ಚಕ್ಕಳಮಕ್ಕಳ ಹಾಕಿ ಕುಳಿತೆ. ಕುಳಿತಾಗ ಮೊಣಕಾಲು ಕಟಕ್ಕೆಂದಿತು. ನನಗೆ ಅದು ಚಪ್ಪಾಳೆಯಂತೆ ಕೇಳಿತು. ಮೊದಲ ಸಾಲಿನ ಒಂದು ಹುಡುಗಿ ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಅಕ್ಕೋರ, ನೀವು ಥೇಟ ನಮ್ಮ ಅಜ್ಜಿ ಕಂಡಂಗ ಕಾಣತೀರಿ!”

ಒಂಬತ್ತು ವರ್ಷ ನಾನು ಹೆದರಿ ತಪ್ಪಿಸಿಕೊಂಡು ಓಡಾಡಿದ್ದು ಇದೇ ಮಾತಿಗೆ. ಅವಳ ಬೆರಳು ಹಿಡಿದು ಉಸುಕಿನ ಮೇಲಿಟ್ಟು, “ನಿಮ್ಮ ಅಜ್ಜಿ ಭಾಳ ಶಾಣ್ಯಾ ಅದಾರ ಬಿಡವಾ” ಎಂದೆ. ಸಂಜೆ ಮನೆಗೆ ಹೋಗಿ ಹುಡುಗಿಯ ಮಾತನ್ನೂ ನನ್ನ ಉತ್ತರವನ್ನೂ ಅವ್ವನಿಗೆ ಹೇಳಿದೆ. ಅವ್ವ ಒಲೆಯ ಕಡೆ ಮುಖ ತಿರುಗಿಸಿ ನಕ್ಕರು. ನಾನು ಅವರ ಪಕ್ಕದಲ್ಲಿ, ನೆಲದ ಮೇಲೇ, ಕುಳಿತುಕೊಂಡೆ.