ಎರಡು ಗೇಣು ಕೆಮ್ಮಣ್ಣು

ಹೋದ ವಾರ ಎದುರು ಮನೆಯವರು ಗೇಟಿನ ಕಟ್ಟಿಗೆ ಕಂಬಕ್ಕೆ ಗೆದ್ದಲು ಹತ್ತಬಾರದೆಂದು ಕರಿ ಎಣ್ಣೆ ಬಳಿಸಿದರು. ಕಿಟಕಿ ಮುಚ್ಚಿದರೂ ಘಾಟು ಒಳಗೆ ನುಗ್ಗಿತು. ಡಾಂಬರಿನಂಥ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಮಧ್ಯಾಹ್ನದ ಊಟ ಸೇರಲಿಲ್ಲ. ಕಾಕು ನೆನಪಾದರು...

ಕಾಕು ನನಗೆ ರಕ್ತಸಂಬಂಧಿಯಲ್ಲ. ಎಂಬತ್ತರ ದಶಕದಲ್ಲಿ ದಾಂಡೇಲಿಯ ಬಾಡಿಗೆ ಚಾಳಿನಲ್ಲಿ ಪಕ್ಕದ ಖೋಲಿಯವರು. ಜೋಯಿಡಾ ಕಡೆಯಿಂದ ಗಂಡನೊಂದಿಗೆ ಕೂಲಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಕಂಬದ ಯಾರ್ಡಿನಲ್ಲಿ ದುಡಿದರು. ಅಲ್ಲಿ ಲೈಟಿನ ಕಂಬಗಳಿಗಾಗಿ ಮರದ ದಿಮ್ಮಿಗಳನ್ನು ಕರಿ ಎಣ್ಣೆಯಲ್ಲಿ ಬೇಯಿಸುತ್ತಿದ್ದರು. ಯಾರ್ಡ್ ಮುಚ್ಚಿದ ಮೇಲೆ ಆ ಜಾಗವನ್ನು ಮನೆಯಿಲ್ಲದ ಕೂಲಿಕಾರರಿಗೆ ಹಂಚುವುದೆಂದಾಯಿತು. ನಾನು ಆ ಕೆಲಸ ನೋಡುವ ಕಚೇರಿಯಲ್ಲಿ ಟೈಪಿಸ್ಟ್; ಕೂಲಿ ಹೆಂಗಸರು ಮರ್ಯಾದೆಯಿಂದ ‘ಟೈಪಿನ ಬಾಯಾರು’ ಎನ್ನುತ್ತಿದ್ದರು. ಪಟ್ಟಿಯಲ್ಲಿ ಕಾಕುವಿನ ಹೆಸರನ್ನು ನಾನೇ ಟೈಪ್ ಮಾಡಿದ್ದೆ. ಇತ್ತ ಚಾಳಿನ ಮಾಲಕ, ಖೋಲಿ ಖಾಲಿ ಮಾಡು ಎಂದು ದಿನಾ ಅವರ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಹಂಚುವ ಮೊದಲು ನೆಲದಲ್ಲಿ ವಿಷ ಉಳಿದಿದೆಯೇ ಎಂದು ಪರೀಕ್ಷಿಸಲು ಸರ್ಕಾರದಿಂದ ಅನುದಾನ ಬಂತು. ಪತ್ರದಲ್ಲಿ ಒಂದು ಷರತ್ತಿತ್ತು. ಮೊದಲು ಮೇಲ್ಮಣ್ಣು ಮಾತ್ರ ನೋಡಬೇಕು, ಅದರಲ್ಲಿ ದೋಷ ಕಂಡರಷ್ಟೇ ಆಳಕ್ಕೆ ಅಗೆಯಲು ಹಣ. ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ಬಡವರ ಸೈಟಿನ ಮಣ್ಣು ನೋಡಲು ಸರ್ಕಾರ ದುಡ್ಡು ಕೊಡುತ್ತದೆಯೇ? ದೋಷ ಸಿಗುವತನಕ ಅಗೆಯುವ ಮಸಲತ್ತು ಇದು ಅನ್ನಿಸಿತು. ಷರತ್ತಿನ ಮಾತು ಕಾಕುವಿಗೆ ಹೇಳಲಿಲ್ಲ. ನನ್ನ ಸಂಶಯ ಮಾತ್ರ ಹೇಳಿದೆ.

"ಮಣ್ಣು ಕೆಟ್ಟೈತಿ ಅಂತ ಬರದು ನಿಮ್ಮನ್ನ ಹೊರಗ ಹಾಕ್ತಾರ. ಜಾಗಾ ಯಾರೋ ಸಾವಕಾರನ ಪಾಲಾಗ್ತೈತಿ, ನೋಡ್ತಿರ್ರಿ ಕಾಕು."

ಕಾಕು ಕೈಯಲ್ಲಿದ್ದ ಕಸಬರಿಗೆ ಮೂಲೆಗಿಟ್ಟರು. ಆಮೇಲೆ, "ಹಂಗಾರ ನೆಲಾ ಛಂದ ಮಾಡಿ ಇಡೂಣು ಬಿಡವಾ. ಬೀಗರು ಬರ್ತಾರಂದ್ರ ಮನಿ ಸಾರಸೂದಿಲ್ಲೇನು?" ಅಂದರು.

ಅವರ ಮನಸ್ಸಿನಲ್ಲಿ ಮೋಸವಿರಲಿಲ್ಲ, ದೇವರಾಣೆ. ನೋಡಲು ಬರುವವರ ಮುಂದೆ ಹೊಲಸು ನೆಲ ಇಡಬಾರದು, ಅಷ್ಟೆ. ಪಟ್ಟಿಯಲ್ಲಿದ್ದ ಹೆಂಗಸರೆಲ್ಲ ಸೇರಿ ಗುಡ್ಡದ ಕಡೆಯಿಂದ ಬುಟ್ಟಿಗಟ್ಟಲೆ ಕೆಮ್ಮಣ್ಣು ಹೊತ್ತು ತಂದು, ಕಪ್ಪು ನೆಲದ ಮೇಲೆ ಎರಡು ಗೇಣು ಹಾಸಿ, ಬಡಿದು, ಸೆಗಣಿ ಸಾರಿಸಿದರು. ಭಾನುವಾರ ನಾನೂ ಸೆರಗು ಸಿಕ್ಕಿಸಿ ಎಂಟು ಹತ್ತು ಬುಟ್ಟಿ ಹೊತ್ತೆ. ಕಾಕು ಮೂಲೆಗೊಂದು ರಂಗೋಲಿ ಹಾಕಿದರು.

ಮಣ್ಣು ನೋಡಲು ಬಂದ ಸಾಹೇಬರು ಸಣಕಲು ಮನುಷ್ಯ, ದಪ್ಪ ಕನ್ನಡಕ. ಚಹಾ ಕೊಟ್ಟರೆ ಬೇಡ ಎಂದರು. ಅದೂ ನನಗೆ ಸಂಶಯವೇ; ಚಹಾ ಒಲ್ಲೆ ಎನ್ನುವವನ ಹಸಿವು ದೊಡ್ಡದಿರಬೇಕು ಅಂದುಕೊಂಡೆ. ಅವರು ನಾಲ್ಕು ಕಡೆ ಗೇಣುದ್ದ ಕೆದಕಿ ಮಣ್ಣನ್ನು ಚೀಲಕ್ಕೆ ತುಂಬಿಸಿದರು. ಒಂದು ಹಿಡಿ ಮೂಗಿಗೆ ಹಿಡಿದು, ಕಡತ ಹಿಡಿದು ನಿಂತ ನನ್ನ ಕಡೆ ತಿರುಗಿದರು.

"ಈ ಮಣ್ಣು ಇಲ್ಲಿಯದೇ ಏನ್ರಿ?"

ಸಾಹೇಬರ ಹಿಂದೆ ಕಾಕು ಕೈಮುಗಿದು ನಿಂತಿದ್ದರು. ನಾನು ಅವರನ್ನು ನೋಡಿದೆ.

"ಹೌದ್ರಿ ಸಾಹೇಬ್ರ, ಇಲ್ಲಿದ" ಎಂದೆ.

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಬರೆದುಕೊಂಡರು. ಮೇಲ್ಮಣ್ಣಿನಲ್ಲಿ ದೋಷವಿಲ್ಲ ಎಂದು ವರದಿ ಬಂತು. ಆಳಕ್ಕೆ ಯಾರೂ ಅಗೆಯಲಿಲ್ಲ.

ಅಗೆದದ್ದು ಕಾಕು, ಕೈಗೆ ಬಂದ ಸೈಟಿನಲ್ಲಿ ಮನೆ ಕಟ್ಟಿಕೊಂಡ ಮೇಲೆ, ಬಾವಿಗೆಂದು. ಮೊದಲ ಕೊಡದ ನೀರಿನ ಮೇಲೆಯೇ ಎಣ್ಣೆಯ ಪೊರೆ ಮಿರಮಿರ ಮಿಂಚಿತು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅವರ ಕಾಲು ತುಂಬ ಹುಣ್ಣು. ಬಿಟ್ಟು ಬನ್ನಿ, ನಮ್ಮ ಖೋಲಿಯಲ್ಲೇ ಇರಿ ಎಂದು ಗೋಗರೆದೆ.

"ಯಾರ್ಡಿನ್ಯಾಗ ಇದಕ್ಕಿಂತಾ ಕೆಟ್ಟದ್ದು ಕುಡದೇನವಾ. ಇದು ನನ್ನ ಸ್ವಂತದ್ದು" ಎಂದು ನಕ್ಕರು.

ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಹೊಟ್ಟೆಯಲ್ಲಿ ಗಡ್ಡೆಯಾಗಿ ಕಾಕು ಹೋದರೆಂದು ಕಾಗದ ಬಂತು. ಆ ನೀರಿನಿಂದಲೇ ಎಂದು ನಾನು ಹೇಳಲಾರೆ... ಅಲ್ಲ ಎಂದು ಮಾತ್ರ ಯಾರೂ ನನ್ನೆದುರು ಹೇಳಬೇಡಿ.

ಆ ಸಾಹೇಬರೊಬ್ಬರೇ ಅವತ್ತು ಕೇಳಬೇಕಾದ್ದನ್ನು ಕೇಳಿದವರು. ಇಲ್ಲಿಯದಲ್ಲ ಎಂಬ ನನ್ನ ಒಂದು ಮಾತಿಗೆ ಆಳದ ಮಣ್ಣೂ ಹೊರಗೆ ಬರುತ್ತಿತ್ತು. ಇದನ್ನು ಕಾಕುವಿಗೆ ಹೇಳಲು ನನಗೆ ಧೈರ್ಯವಾಗಲೇ ಇಲ್ಲ.

ಮೊನ್ನೆ, ಘಾಟು ಇಳಿದ ಮೇಲೂ ಮನಸ್ಸು ತಡೆಯದೆ ದಾಂಡೇಲಿಗೆ ಹೋಗಿದ್ದೆ. ಕಾಕುವಿನ ಮನೆಯ ಜಾಗದಲ್ಲಿ ಯಾರದೋ ಹೊಸ ಗೋಡೆ. ಪಕ್ಕದ ಮನೆಯ ಮುದುಕಿಯೊಬ್ಬರು ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡರು.

"ಟೈಪಿನ ಬಾಯಾರಲ್ಲೇನ್ರಿ ನೀವು? ಸಾಯೂತನಾ ನಿಮ್ಮ ಹೆಸರ ಹೇಳ್ತಿದ್ದಳ್ರಿ ಆಕಿ. ಆ ಬಾಯಿ ಸಾಹೇಬರ ಮುಂದ ಒಂದು ಮಾತು ಹೇಳಿದ್ಲು, ಅದಕ್ಕ ನನಗ ಮನಿ ಆತು ಅಂತ."

ನೀರು ಕುಡಿದು ಹೋಗಿ ಎಂದು ಅಂಗಳದ ಬಾವಿಯಿಂದ ಸೇದಿ ಚೊಂಬು ತಂದರು. ನಾನು ಒಲ್ಲೆನೆನ್ನಲಿಲ್ಲ, ಕುಡಿದು ಬಂದೆ.