ನೀಲಕ್ಕ ಬಿಚ್ಚದ ಸಾಲು

ನೀಲಕ್ಕ ಹೆಣೆಯುವುದನ್ನು ಯಾರಾದರೂ ನೋಡಬಹುದಿತ್ತು. ಬಿಚ್ಚುವುದನ್ನು ನೋಡಲು ಗಟ್ಟಿ ಮನಸ್ಸು ಬೇಕಿತ್ತು. ಒಂದು ಕುಣಿಕೆ ತಪ್ಪಿದ್ದು ಕಂಡರೆ ಸಾಕು, ಕಡ್ಡಿಗಳನ್ನು ಹೊರಗೆಳೆದು ಉಲನ್ನಿನ ತುದಿ ಹಿಡಿದು ಜಗ್ಗುತ್ತಿದ್ದಳು. ವಾರಗಟ್ಟಲೆಯ ಕೆಲಸ ಸುರ್ರೆಂದು ಮಡಿಲಿಗೆ ಬೀಳುತ್ತಿತ್ತು. ಅವಳ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಒಂದು ಕುಣಿಕೆ ಯಾರ ಕಣ್ಣಿಗೆ ಬೀಳುತ್ತದೆ, ಬಿಡು ಎಂದು ನಮ್ಮವ್ವ ಅಂದರೆ ಉತ್ತರ ಒಂದೇ: "ತಪ್ಪಿನ ಮ್ಯಾಲೆ ಹೆಣದರ ಅದು ಮುಚ್ಚೂದಿಲ್ಲಬೇ, ಕೂಡೇ ಬೆಳೀತೈತಿ."

ಮಿಶ್ರಿಕೋಟಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಎದೆಯೆತ್ತರದ ಗೋಡೆ. ಮದುವೆಯಾದ ವರ್ಷದಲ್ಲೇ ತವರಿಗೆ ಮರಳಿದವಳು, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಾಗ ಒಬ್ಬ ನರ್ಸಿನಿಂದ ಹೆಣಿಕೆ ಕಲಿತಿದ್ದಳು. ಎಂಬತ್ತರ ದಶಕದ ನಡುವಿನ ಆ ವರ್ಷ ನನ್ನ ತಂಗಿ ಶಾರಿಯ ಮದುವೆಗೆಂದು ಬಿಳಿ ಉಲನ್ನಿನ ಜಾಲರಿ ಶಾಲು ಹೆಣೆಯಲು ಹಿಡಿದಿದ್ದಳು. ವರ ಇನ್ನೂ ಗೊತ್ತಾಗಿರಲಿಲ್ಲ. ದಿನದ ಕೆಲಸ ಮುಗಿದಾಗ ಕೊನೆಯ ಸಾಲಿನ ಕುಣಿಕೆಗಳಲ್ಲಿ ಕೆಂಪು ದಾರವೊಂದನ್ನು ಪೋಣಿಸಿಡುತ್ತಿದ್ದಳು. ಮುಂದೆ ಕುಣಿಕೆ ಜಾರಿದರೂ ಆ ದಾರದವರೆಗೆ ಬಂದು ನಿಲ್ಲುತ್ತಿತ್ತು.

ಶಾರಿಯನ್ನು ಅದಾಗಲೇ ಎರಡು ಕಡೆಯವರು ನೋಡಿ ಬೇಡವೆಂದಿದ್ದರು. ಮೂರನೆಯವರು ದುಮ್ಮವಾಡದಿಂದ ಬರುವ ದಿನ ಅವ್ವ ಗೋಡೆಯಾಚೆಗೆ ಕೈ ಚಾಚಿ ಆ ಅರ್ಧ ಶಾಲನ್ನು ಕಡ್ಡಿಸಮೇತ ಕೇಳಿದಳು. ತೋರಿಸಲಿಕ್ಕೆ ಬೇಕು ಎಂದಷ್ಟೇ ಹೇಳಿದಳು. ಆ ದಿನ ಹೆಣೆದ ಸಾಲುಗಳಿಗೆ ಇನ್ನೂ ದಾರ ಪೋಣಿಸಿರಲಿಲ್ಲ, ಹಾಗೆಯೇ ನೀಲಕ್ಕ ಕೊಟ್ಟಳು.

ಹುಡುಗನ ತಾಯಿ ಶಾಲನ್ನು ಬಾಗಿಲ ಬೆಳಕಿಗೆ ಹಿಡಿದಳು. ನಮ್ಮ ಶಾರೀನೇ ಹೆಣೆದಿದ್ದು ಎಂದಳು ಅವ್ವ. ಅದೇ ಹೊತ್ತಿಗೆ, ಕೆಲಸಕ್ಕೆ ನೆರವಾಗಲು ಬಂದಿದ್ದ ನೀಲಕ್ಕ ಚಹಾದ ತಾಟು ಹಿಡಿದು ಒಳಮನೆಯಿಂದ ಬಂದಳು. ಅವ್ವನ ಮಾತು ಅವಳ ಕಿವಿಗೆ ಬಿದ್ದಿತ್ತು. ತಾಟು ಇಳಿಸಿ ಗೋಡೆಗೆ ಒರಗಿ ನಿಂತಳು.

"ಚಲೋ ಐತಿ. ಒಂದ ಸಾಲು ಹೆಣದ ತೋರಸವಾ, ನೋಡೂಣು" ಎಂದು ಹುಡುಗನ ತಾಯಿ ಶಾಲನ್ನು ಶಾರಿಯ ಮಡಿಲಿಗಿಟ್ಟಳು.

ಶಾರಿಗೆ ನೀಲಕ್ಕ ಕಲಿಸಿದ ಸಾದಾ ಹೆಣಿಕೆ ಬರುತ್ತಿತ್ತು, ಜಾಲರಿ ಬರುತ್ತಿರಲಿಲ್ಲ. ಕಡ್ಡಿ ಹಿಡಿದಳು. ಕಡ್ಡಿಗೆ ಕಡ್ಡಿ ತಾಗುವ ಸದ್ದು ಮಾತ್ರ. ಕುಣಿಕೆಗಳು ಸಡಿಲವಾಗಿ ಒಂದೊಂದೇ ಬಿದ್ದವು. ಸಾಲು ಮುಗಿಯುವ ಮುನ್ನ ಒಂದು ಜಾರಿತು. ಎಲ್ಲರೂ ನೋಡುತ್ತಿದ್ದಂತೆ ಅದು ಸಾಲಿನಿಂದ ಸಾಲಿಗೆ ಬಿಚ್ಚುತ್ತ ಕೆಳಗಿಳಿದು ಕೆಂಪು ದಾರದ ಹತ್ತಿರ ನಿಂತಿತು. ಹುಡುಗಿ ಅಂಜಿದ್ದಾಳೆ ಎಂದು ಅವ್ವ ಏನೋ ಹೇಳಹೊರಟಳು.

"ಅಂಜಿದ್ರ ಕೈ ನಡಗತೈತ್ರಿ, ಹೆಣಿಯೂ ಕೈನ ಬದಲಾಗೂದಿಲ್ಲ" ಎಂದಳು ಹುಡುಗನ ತಾಯಿ. ಅವಳಿಗೂ ಹೆಣಿಕೆ ಗೊತ್ತಿತ್ತು. "ಯಾರದಿದು?"

ಶಾರಿ ತಲೆ ಎತ್ತಲಿಲ್ಲ. ಅವ್ವ ನೀಲಕ್ಕನನ್ನು ನೋಡಿದಳು. ಆ ನೋಟ ಏನು ಕೇಳುತ್ತಿತ್ತೆಂದು ನನಗೂ ತಿಳಿದಿತ್ತು.

"ಶಾಲು ನಂದ್ರಿ" ಎಂದಳು ನೀಲಕ್ಕ. "ಆ ಸಾಲಷ್ಟ ಆಕಿದು."

ಬಂದವರು ಚಹಾ ಕುಡಿದು, ತಿಳಿಸುತ್ತೇವೆ ಎಂದು ಹೋದರು. ತಿಳಿಸಲಿಲ್ಲ. ಗೋಡೆಯ ಬಳಿ ನಿಂತು ಅವ್ವ ಬಾಯಿಗೆ ಬಂದದ್ದು ಅಂದಳು. ಗಂಡನ ಮನೆ ಬಿಟ್ಟು ಬಂದವಳಿಗೆ ಇನ್ನೊಬ್ಬರ ಮಗಳ ಸಂಸಾರ ಕಂಡರೆ ಆಗುವುದಿಲ್ಲ ಎಂದೂ ಅಂದಳು. ನೀಲಕ್ಕ ತನ್ನ ಮದುವೆಯ ಸುದ್ದಿ ತೆಗೆದದ್ದು ಆಗ ಮಾತ್ರ. ಏಳನೇ ಇಯತ್ತೆ ಓದಿದ್ದಾಳೆಂದು ಹಿರಿಯರು ಸುಳ್ಳು ಹೇಳಿ ಮದುವೆ ಮಾಡಿಕೊಟ್ಟಿದ್ದರಂತೆ. ಒಂದು ದಿನ ಮಾವ ಪೇಪರು ಕೈಗಿತ್ತು ಓದೆಂದಾಗ ಅಕ್ಷರ ಬಾರದ್ದು ಹೊರಬಿತ್ತು.

"ಸುಳ್ಳ ಕಟಗೊಂಡ ಮನಿ ಹೊಕ್ಕರ ದಿನಾ ಅದನ್ನ ಕಾಯಬೇಕಾಗತೈತಿ ಅಕ್ಕಾ. ನಾ ಕಾದೇನಿ. ಶಾರಿಗೆ ಬ್ಯಾಡ."

ಅವ್ವ ಮಾತು ಬಿಟ್ಟಳು. ಗೋಡೆಯ ಮೇಲಿನಿಂದ ಕಾಯಿಪಲ್ಯ, ಮೊಸರಿನ ಗಿಂಡಿ ಓಡಾಡುವುದು ನಿಂತಿತು.

ಮರುವರ್ಷ ತಂಬೂರು ಎಂಬ ಊರಿನ ಮನೆತನವೊಂದು ಶಾರಿಯನ್ನು ಒಪ್ಪಿತು. ಈ ಸಲ ಅವ್ವ ಏನನ್ನೂ ತೋರಿಸಲಿಲ್ಲ. ಮದುವೆಗೆ ಕರೆಯದಿದ್ದರೂ ನೀಲಕ್ಕ ಬಂದಳು. ಹೆಣೆದು ಮುಗಿಸಿದ ಆ ಶಾಲನ್ನು ಶಾರಿಯ ಮಡಿಲಲ್ಲಿಟ್ಟು ಹೊರಟಳು. ಅವ್ವ ಅದನ್ನು ಹರಡಿ ನೋಡಿದಳು. ನಡುವೆ ಶಾರಿಯ ಆ ಸಡಿಲ ಸಾಲು ಹಾಗೆಯೇ ಇತ್ತು. ಅದರ ಕೆಳಗಿನ ತೂತಿನಲ್ಲಿ ಜಾರಿದ ಕುಣಿಕೆಯನ್ನು ಕೆಂಪು ದಾರದಿಂದ ಬಿಗಿದು ಗಂಟು ಹಾಕಿತ್ತು. ಅವ್ವನ ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅಂಗಳ ದಾಟುತ್ತಿದ್ದ ನೀಲಕ್ಕನ ರಟ್ಟೆ ಹಿಡಿದು ತಂದು ಪಂಕ್ತಿಯಲ್ಲಿ ಕೂರಿಸಿ, ತಾನೇ ಹೋಳಿಗೆ ಬಡಿಸಿದಳು.

ನಾನು ನೀಲಕ್ಕನನ್ನು ಕೊನೆಯ ಬಾರಿ ಕಂಡದ್ದು ಕಲಘಟಗಿಯ ಬಸ್ ನಿಲ್ದಾಣದಲ್ಲಿ. ತಮ್ಮನ ಊರಿಗೆ ಹೊರಟಿದ್ದಳು. ಇಷ್ಟೆಲ್ಲ ಬಿಚ್ಚುವವಳು ಆ ಸಾಲನ್ನೇಕೆ ಬಿಟ್ಟೆ ಎಂದು ಕೇಳಿದೆ.

"ಬಿಚ್ಚಾಕ ಕಡ್ಡಿ ತಗದಿದ್ನೆಪಾ" ಎಂದಳು. "ನಾಕ ಮಂದಿ ಮುಂದ ಆ ಸಾಲು ಆಕಿದಂತ ಹೇಳೇನಿ. ಬಿಚ್ಚಿದ್ರ ನನ್ನ ಮಾತು ಸುಳ್ಳಾಗತಿತ್ತಲ್ಲ?"

ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವಳಿಗೆ. ಬಸ್ಸು ಹೊರಡುವ ಮೊದಲೇ ಚೀಲದಿಂದ ಕಡ್ಡಿ ತೆಗೆದಿದ್ದಳು.